ನಾಲ್ಕು ಗಂಟೆಯ ಕಾವಲು

ಮಾರ್ಚ್ 9

ಅಕ್ಕಾ,

ಫೋನಿನಲ್ಲಿ ನಾವಿಬ್ಬರೂ ಮಾತಾಡುವುದಿಲ್ಲ, ಕೂಗಾಡುತ್ತೇವೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನೀನು ಅರ್ಧಕ್ಕೆ ಕಟ್ ಮಾಡಲಾರೆ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಓದುತ್ತೀಯ ಎಂದು ನನಗೆ ಗೊತ್ತು.

ಬುಧವಾರ ನಿಮ್ಮ ಡಯಾಲಿಸಿಸ್‌ನವರ ಆನ್‌ಲೈನ್ ಗುಂಪು ‘ನಾಲ್ಕು ಗಂಟೆ’ಯಿಂದ ‘ದಾರಿಹೋಕ’ ಎನ್ನುವವನೊಬ್ಬನನ್ನು ಹೊರಗೆ ಹಾಕಿದೆಯಲ್ಲ, ಅವನು ನಾನು. ನಿನ್ನ ಒಡಹುಟ್ಟಿದವನು.

ಅಕ್ಕನಿಗೆ ಕಿಡ್ನಿ ಬೇಕು, ಎಷ್ಟು ದುಡ್ಡಾದರೂ ಕೊಡುತ್ತೇನೆ ಎಂದ ನನ್ನ ಪೋಸ್ಟ್ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ನಿಲ್ಲಲಿಲ್ಲ. ಅದಿದ್ದ ಜಾಗದಲ್ಲಿ ನಿನ್ನ ಅಡ್ಡಹೆಸರಿನಲ್ಲಿ ಕಾರಣ: ‘ಕಿಡ್ನಿ ಮಾರುವವರಿಗೆ ಇಲ್ಲಿ ಜಾಗವಿಲ್ಲ. ಕೊಳ್ಳುವವರಿಗೂ ಇಲ್ಲ. – ಬ್ರೇಕಕ್ಕ.’ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು ಬ್ರೇಕ್ ಒತ್ತಿ ಒತ್ತಿ ನಿನಗೆ ಅದೇ ಚಾಳಿಯಾಗಿದೆ. ಎದುರಿಗೆ ಬರುತ್ತಿರುವುದು ಲಾರಿಯೋ ಆಂಬ್ಯುಲೆನ್ಸೋ ನೋಡುವುದಿಲ್ಲ, ಒತ್ತುವುದೇ.

ನಾನು ಎಷ್ಟು ಯೋಚಿಸಿ ದಿನ ಆರಿಸಿದ್ದೆ ಗೊತ್ತೇ? ನಿಮ್ಮಲ್ಲಿ ಡಯಾಲಿಸಿಸ್ ಮಷೀನಿಗೆ ಕೂತವರೇ ಗುಂಪಿನ ಕಾವಲು ಕಾಯುವುದು, ಇಳಿದವರು ಹತ್ತಿದವರಿಗೆ ಪಾಳಿ ಒಪ್ಪಿಸುವುದು. ನಿನ್ನದು ಮಂಗಳವಾರ, ಗುರುವಾರ, ಶನಿವಾರ. ಅದಕ್ಕೇ ಬುಧವಾರ ಬೆಳಿಗ್ಗೆ ಹಾಕಿದೆ. ನಿಮ್ಮ ಕೇಂದ್ರದ ನೀರು ಶುದ್ಧ ಮಾಡುವ ಯಂತ್ರ ಮಂಗಳವಾರವೇ ಕೆಡುತ್ತದೆ, ನಿನ್ನನ್ನು ಬುಧವಾರಕ್ಕೆ ತಳ್ಳುತ್ತಾರೆ ಎಂದು ನಾನೇನು ಕನಸು ಕಂಡಿದ್ದೆನೇ? ಭಾವ ಹೇಳಿದಾಗ ತಲೆ ಚಚ್ಚಿಕೊಂಡೆ.

ತಪ್ಪಾಯಿತು ಎನ್ನಲು ಇದನ್ನು ಬರೆಯುತ್ತಿಲ್ಲ. ನನ್ನ ಕಿಡ್ನಿ ಕೊಡೋಣ ಎಂದರೆ ನನ್ನ ಸಕ್ಕರೆ ಕಾಯಿಲೆ ಅಡ್ಡ ಬಂತು. ಭಾವನ ರಕ್ತ ಹೊಂದಲಿಲ್ಲ. ಆಸ್ಪತ್ರೆಯ ಸರದಿಯಲ್ಲಿ ನಿನ್ನ ಹೆಸರು ಇದೆ, ಇರುತ್ತದೆ, ಇದ್ದೇ ಇರುತ್ತದೆ. ಮೂರು ವರ್ಷದಿಂದ ನಿನ್ನ ಮುಖದ ಬಣ್ಣ ಇಳಿಯುವುದನ್ನು ನೋಡುತ್ತಿದ್ದೇನೆ. ಬಂದರಿನಲ್ಲಿ ಕ್ರೇನ್ ಓಡಿಸುವವನು ನಾನು. ನಾಲ್ಕು ಮನೆಯಷ್ಟು ಭಾರದ ಪೆಟ್ಟಿಗೆಯನ್ನು ಹಡಗಿನಿಂದ ಎತ್ತಿ ಹೇಳಿದ ಜಾಗಕ್ಕೆ ಇಡುತ್ತೇನೆ. ಒಂದು ಮುಷ್ಟಿಯಷ್ಟು ವಸ್ತುವನ್ನು ನಿನಗೆ ತಂದುಕೊಡಲು ಆಗುತ್ತಿಲ್ಲ.

ಇನ್ನೊಂದು ವಿಷಯ. ನೀನು ಅಳಿಸುವ ಮೊದಲೇ ನಿಮ್ಮ ಗುಂಪಿನವರೊಬ್ಬರು ಪೋಸ್ಟ್ ನೋಡಿ ನನಗೆ ಖಾಸಗಿಯಾಗಿ ಬರೆದಿದ್ದಾರೆ. ದಾರಿ ಇದೆ ಎಂದಿದ್ದಾರೆ. ನಾನು ಆ ದಾರಿಯಲ್ಲಿ ಹೋಗುತ್ತೇನೆ. ನಿನ್ನ ಬ್ರೇಕು ಇಲ್ಲಿಗೆ ಎಟಕುವುದಿಲ್ಲ.

ಹೊರಗೆ ಹಾಕಿಸಿಕೊಂಡ
ನಿನ್ನ ತಮ್ಮ


ಮಾರ್ಚ್ 17

ತಮ್ಮಾ,

ಹರಿಯಲಿಲ್ಲ. ಮಡಚಿ ಇಟ್ಟಿದ್ದೇನೆ.

ದಾರಿಹೋಕ ನೀನೇ ಎಂದು ನನಗೆ ಗೊತ್ತಾದದ್ದು ನಿನ್ನ ಕಾಗದದಿಂದಲ್ಲ. ಆ ಪೋಸ್ಟಿನ ಮೂರನೇ ಸಾಲು ಓದುವಷ್ಟರಲ್ಲಿ ಗೊತ್ತಾಯಿತು. ‘ಬೇಡ ಬೇಡ ಎಂದರೂ ಕೇಳದೆ ನನ್ನ ಸೈಕಲ್ ಹಿಂದೆ ಓಡಿದವಳು ಈಗ ಮೆಟ್ಟಿಲು ಹತ್ತಲಾರಳು’ ಎಂದು ಬರೆದಿದ್ದೆ. ಸೈಕಲ್ ಹಿಂದೆ ಓಡಿದ ಅಕ್ಕಂದಿರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ. ಬೈಯುತ್ತಾ ಹೊಗಳುವ ತಮ್ಮ ಒಬ್ಬನೇ. ಗೊತ್ತಾಯಿತು, ಅದಕ್ಕೇ ಇನ್ನೂ ಬೇಗ ಒತ್ತಿದೆ.

ನೀನು ನಮ್ಮ ಕಾವಲನ್ನು ಏನೋ ಪೊಲೀಸ್ ಕೆಲಸ ಅಂದುಕೊಂಡಿದ್ದೀಯ. ಕೇಳು. ಎಡಗೈಗೆ ಎರಡು ಸೂಜಿ ಚುಚ್ಚಿರುತ್ತಾರೆ, ಅದನ್ನು ಅಲ್ಲಾಡಿಸುವ ಹಾಗಿಲ್ಲ. ಬಲಗೈ ಖಾಲಿ. ನಾಲ್ಕು ಗಂಟೆ ಚಾವಣಿ ನೋಡಬೇಕು, ಇಲ್ಲವೇ ಪಕ್ಕದ ಹಾಸಿಗೆಯವರ ಗೊರಕೆ ಕೇಳಬೇಕು. ಆ ಖಾಲಿ ಕೈಯಲ್ಲಿ ಈ ಕೆಲಸ. ‘ಹತ್ತಿದೆ’ ಎಂದು ಬರೆದರೆ ಕಾವಲು ನನ್ನದು. ‘ಇಳಿದೆ’ ಎಂದು ಬರೆದರೆ ಇನ್ನೊಂದು ಊರಿನಲ್ಲಿ ಇನ್ಯಾರೋ ಹತ್ತಿರುತ್ತಾರೆ. ಸಂಬಳವಿಲ್ಲ, ಮೇಲಧಿಕಾರಿ ಇಲ್ಲ. ಪುಡಿ ಕುಡಿದರೆ ಕಿಡ್ನಿ ಮತ್ತೆ ಚಿಗುರುತ್ತದೆ ಎನ್ನುವವನ ಜಾಹೀರಾತು ತೆಗೆಯುವುದು, ‘ನಾಳೆಯಿಂದ ಮಷೀನಿಗೆ ಹೋಗಲ್ಲ’ ಎಂದು ಬರೆದವಳನ್ನು ಮಾತಾಡಿಸುತ್ತಾ ಕೂರುವುದು, ಬಾಳೆಹಣ್ಣು ತಿನ್ನಬಹುದೇ ಎಂಬುದಕ್ಕೆ ಜಗಳವಾಡುವವರನ್ನು ಬಿಡಿಸುವುದು. ಅಳಿಸಿದ್ದಕ್ಕೆಲ್ಲ ಕಾರಣವನ್ನು ನಮ್ಮ ಹೆಸರಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಒಬ್ಬರನ್ನು ಹೊರಗೆ ಹಾಕಬೇಕಾದರೆ ಇಬ್ಬರ ಒಪ್ಪಿಗೆ ಬೇಕು.

ನಿನ್ನದಕ್ಕೆ ಎರಡನೇ ಒಪ್ಪಿಗೆ ಕೊಟ್ಟವರು ಟೈಲರಮ್ಮ. ಕಾವಲಿನಲ್ಲಿ ನನಗಿಂತ ಹಿರಿಯರು, ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. ನಾನು ಮೊದಲ ಸಲ ಸೂಜಿ ಹಾಕಿಸಿಕೊಂಡು ‘ಇದು ಎಷ್ಟು ದಿನ?’ ಎಂದು ಗುಂಪಿನಲ್ಲಿ ಕೇಳಿದಾಗ ಉಳಿದವರೆಲ್ಲ ಧೈರ್ಯ ಹೇಳಿದರು. ಟೈಲರಮ್ಮ ಮಾತ್ರ, ‘ಇರೋಷ್ಟು ದಿನ. ಈಗ ನಿಮ್ಮ ಬಲಗೈ ಖಾಲಿ ಇದೆಯಲ್ಲ, ಒಂದು ಕೆಲಸ ಇದೆ, ಮಾಡ್ತೀರಾ?’ ಎಂದರು. ಅಂದಿನಿಂದ ಮಾಡುತ್ತಿದ್ದೇನೆ.

ಬುಧವಾರ ಅವರು ಕೇಳಿದರು, ‘ಯಾರಮ್ಮಾ ಇವನು, ಹೊಸಬನಾ?’ ನಾನು ‘ಹೌದು’ ಎಂದೆ. ನನ್ನ ತಮ್ಮ ಎನ್ನಲಿಲ್ಲ. ನಿನ್ನನ್ನು ಹೊರಗೆ ಹಾಕಿದ್ದಕ್ಕೆ ನನಗೆ ನಿದ್ದೆ ಕೆಟ್ಟಿಲ್ಲ. ಆ ‘ಹೌದು’ ಕೆಡಿಸಿದೆ. ಈ ವಾರ ಗುಂಪಿನ ಮುಂದೆ ಹೇಳುತ್ತೇನೆ.

ಈಗ ನೀನು ಮಾಡಬೇಕಾದ್ದು ಒಂದೇ. ನಿನಗೆ ಖಾಸಗಿಯಾಗಿ ಬರೆದವರು ಯಾರು? ಖಾಸಗಿ ಸಂದೇಶ ಕಾವಲಿನವರಿಗೆ ಕಾಣುವುದಿಲ್ಲ. ನಮ್ಮ ಮನೆಯೊಳಗೇ ಕೂತು ಯಾರೋ ವ್ಯಾಪಾರ ಮಾಡುತ್ತಿದ್ದಾನೆ, ನಮ್ಮ ಜನರ ನೋವನ್ನು ಸೋಸಿ ಗಿರಾಕಿ ಹುಡುಕುತ್ತಿದ್ದಾನೆ. ಹೆಸರು ಹೇಳು.

ಇನ್ನು ಆ ದಾರಿಯ ಮಾತು. ನೀನು ಎಷ್ಟು ದೂರ ಬೇಕಾದರೂ ಹೋಗು. ಕೊನೆಗೆ ಮೇಜಿನ ಮೇಲೆ ಮಲಗಬೇಕಾದವಳು ನಾನು. ಮಲಗುವುದಿಲ್ಲ.

ಇಂದು ನನ್ನ ಪಾಳಿ. ಹತ್ತುವ ಹೊತ್ತಾಯಿತು.
ಅಕ್ಕ


ಏಪ್ರಿಲ್ 2

ಅಕ್ಕಾ,

ಹೆಸರು ಹೇಳುವುದಿಲ್ಲ.

ಅವರನ್ನು ಭೇಟಿ ಮಾಡಿದೆ. ಬಂದರಿನ ಗೇಟಿನ ಎದುರಿನ ಹೋಟೆಲಿನಲ್ಲಿ ಕೂತು ಮಾತಾಡಿದೆವು. ನೀನು ಅಂದುಕೊಂಡ ಹಾಗೆ ಕೋರೆಹಲ್ಲಿನ ಮನುಷ್ಯನೇನಲ್ಲ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ನಿನ್ನ ಬಿಪಿ ಎಷ್ಟು, ಎಷ್ಟು ನೀರು ಕುಡಿಯುತ್ತೀಯ, ಕೈಯ ನರ ಹೇಗಿದೆ ಎಂದೆಲ್ಲ ವಿಚಾರಿಸಿದರು. ಭಾವನೂ ಇಷ್ಟು ವಿಚಾರಿಸುವುದಿಲ್ಲ.

‘ನೋಡಿ, ಯಾರಿಗೂ ಮೋಸ ಇಲ್ಲ. ಕೊಡೋನಿಗೆ ಕಷ್ಟ ಇದೆ, ತಗೊಳ್ಳೋರಿಗೆ ಜೀವ ಬೇಕು. ನಡುವೆ ನಾನು ಸೇತುವೆ ಇದ್ದ ಹಾಗೆ, ಅಷ್ಟೇ,’ ಎಂದರು.

‘ನಮ್ಮಕ್ಕ ಒಪ್ಪಲ್ಲ’ ಎಂದೆ.

ನಕ್ಕರು. ‘ಮೊದಲು ಯಾರೂ ಒಪ್ಪಲ್ಲ ಸಾರ್. ಉಸಿರು ಸಿಕ್ಕಾಗ ಒಪ್ಪಲ್ಲ. ಸಿಗದೇ ಇದ್ದಾಗ ಕೇಳಿ ನೋಡಿ.’

ಕೊಡುವವನನ್ನು ನಮ್ಮ ಚಿಕ್ಕಪ್ಪನ ಮಗ ಎಂದು ತೋರಿಸುತ್ತಾರಂತೆ. ಕಾಗದ ಪತ್ರವೆಲ್ಲ ಅವರದೇ. ಮುಂಗಡ ಕೊಟ್ಟಿದ್ದೇನೆ. ಎಷ್ಟು ಎಂದು ಕೇಳಬೇಡ.

ನೀನು ದೊಡ್ಡ ದೊಡ್ಡ ಮಾತು ಬರೆದಿದ್ದೀಯ. ‘ನಮ್ಮ ಮನೆ’, ‘ನಮ್ಮ ಜನ’. ಅಕ್ಕಾ, ಮುಖವೇ ನೋಡದ ಟೈಲರಮ್ಮನಿಗೆ ನೀನು ಕೊಡುವ ಲೆಕ್ಕ ನನಗೆ ಯಾಕೆ ಕೊಡುವುದಿಲ್ಲ? ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ನೀನು. ನೀನು ಹೋದರೆ ನಾನು ಯಾರ ಹತ್ತಿರ ಬೈಸಿಕೊಳ್ಳಲಿ? ನಿನ್ನ ನಿಯಮಗಳನ್ನು ಕಟ್ಟಿಕೊಂಡು ನಾನೇನು ಮಾಡಲಿ, ಗೋಡೆಗೆ ತಗುಲಿ ಹಾಕಲೇ?

ಹೆಸರು ಹೇಳಿದ ಕ್ಷಣಕ್ಕೆ ಆ ದಾರಿ ಮುಚ್ಚುತ್ತದೆ. ಅದಕ್ಕೇ ಹೇಳುವುದಿಲ್ಲ. ನಿಮ್ಮ ಗುಂಪಿನಲ್ಲಿ ಎಷ್ಟು ಜನರಿದ್ದಾರೋ ಅಷ್ಟೂ ಜನ ಬಂದು ಕ್ರೇನ್ ಕೆಳಗೆ ಧರಣಿ ಕೂರಲಿ.

ನಿನ್ನಷ್ಟೇ ಮೊಂಡ
ತಮ್ಮ


ಏಪ್ರಿಲ್ 11

ತಮ್ಮಾ,

ಧರಣಿ ಕೂರುವುದಕ್ಕೆ ನಮ್ಮವರಿಗೆ ಪುರುಸೊತ್ತಿಲ್ಲ, ವಾರಕ್ಕೆ ಮೂರು ದಿನ ಮಲಗಿರುತ್ತೇವೆ.

ಗುಂಪಿನ ಮುಂದೆ ಹೇಳಿದೆ. ‘ದಾರಿಹೋಕ ನನ್ನ ತಮ್ಮ. ನನಗೆ ಗೊತ್ತಿದ್ದೂ ನಾನೇ ತೆಗೆದೆ, ಎರಡನೆಯವರಿಗೆ ಹೇಳಲಿಲ್ಲ.’ ಅಷ್ಟೇ ಬರೆದೆ. ಆಮೇಲೆ ಎರಡು ದಿನ ಗುಂಪು ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ಹಲ್ಲು ಡಾಕ್ಟರು ನನ್ನ ಪರ. ಅವರೂ ಕಾವಲಿನವರೇ, ಬೇರೆಯವರ ಹಲ್ಲು ಕಿತ್ತು ಬಂದು ತಾವು ಮಷೀನಿಗೆ ಕೂರುತ್ತಾರೆ. ‘ತಮ್ಮ ಅಂತ ಬಿಟ್ಟಿದ್ದರೆ ಕೇಳಬೇಕಿತ್ತು. ತಮ್ಮ ಅಂತ ಬಿಡಲಿಲ್ಲವಲ್ಲ, ಇದರಲ್ಲಿ ತಪ್ಪೇನು?’ ಎಂದರು.

ಟೈಲರಮ್ಮ ದನಿ ಕಳಿಸಿದರು. ಅವರು ಸಿಟ್ಟು ಬಂದಾಗ ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾರೆ. ‘ಡಾಕ್ಟ್ರೇ, ತಗದಿದ್ದು ಸರಿ. ಮುಚ್ಚಿಟ್ಟಿದ್ದು ತಪ್ಪು. ನಾನು ಅಳತೆ ತಗೊಳ್ಳೋವಾಗ ಟೇಪು ಹಿಡಿದ ಕೈ ಯಾರದು ಅಂತ ನನಗೆ ಗೊತ್ತಿರಬೇಕು. ಇವಳು ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಕತ್ತರಿ ಕೊಟ್ಟಳು.’ ಆಮೇಲೆ ನನ್ನ ಕಡೆ ತಿರುಗಿ, ‘ಬ್ರೇಕಕ್ಕಾ, ನಿಮ್ಮ ಮೇಲೆ ಪ್ರೀತಿ ಇದೆ. ಎರಡು ತಿಂಗಳು ಕಾವಲು ಬಿಡಿ,’ ಎಂದರು.

ಬಿಟ್ಟೆ. ಸಂಬಂಧಿಕರ ಪೋಸ್ಟ್ ಬಂದರೆ ಕಾವಲಿನವರು ಕೂಡಲೇ ಹೇಳಿ ಪಕ್ಕಕ್ಕೆ ಸರಿಯಬೇಕು ಎಂದು ಹೊಸ ನಿಯಮ ಮಾಡಿದೆವು. ನನ್ನ ಕೈಯಿಂದಲೇ ಬರೆಸಿದರು. ಮೊದಲ ದಿನ ಖಾಲಿ ಬಲಗೈ ಇಟ್ಟುಕೊಂಡು ಏನು ಮಾಡಬೇಕೆಂದೇ ತೋಚಲಿಲ್ಲ. ನರ್ಸು ಬಂದು, ‘ಏನ್ ಮೇಡಂ, ಇವತ್ತು ಯಾರಿಗೂ ಬೈತಿಲ್ಲ, ಹುಷಾರಾಗಿದ್ದೀರಾ?’ ಎಂದು ಬಿಪಿ ನೋಡಿದಳು.

ನನ್ನ ಪಾಳಿ ಖಾಲಿ ಬೀಳುವುದಿಲ್ಲ. ‘ನಗುಮುಖ’ ಎಂಬ ಸದಸ್ಯರೊಬ್ಬರು ತಾವೇ ಮುಂದೆ ಬಂದಿದ್ದಾರೆ. ವರ್ಷದಿಂದ ಇದ್ದಾರೆ. ಹೊಸಬರು ಬಂದರೆ ಮೊದಲು ಉತ್ತರಿಸುವವರು ಅವರೇ, ಮಷೀನಿನಲ್ಲಿದ್ದಾಗಲೂ ಪುಟಗಟ್ಟಲೆ ಸಮಾಧಾನ ಬರೆಯುತ್ತಾರೆ. ಮುಂದಿನ ತಿಂಗಳು ಅವರಿಗೆ ಕಾವಲಿನ ಕೀಲಿ ಕೊಡುತ್ತೇವೆ. ನಾನೇ ಅವರ ಹೆಸರಿಗೆ ಕೈ ಎತ್ತಿದೆ. ಕೀಲಿ ಸಿಕ್ಕವರಿಗೆ ಎಲ್ಲ ಸದಸ್ಯರ ಊರು, ಫೋನು, ರಕ್ತದ ಗುಂಪು ಕಾಣುತ್ತದೆ. ಅದಕ್ಕೇ ನಂಬಿಕಸ್ಥರನ್ನು ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ.

ನಿನ್ನ ಇಸ್ತ್ರಿ ಅಂಗಿಯವನಿಗೆ ಹೇಳು: ನಮಗೆ ಚಿಕ್ಕಪ್ಪನೇ ಇಲ್ಲ. ಅಪ್ಪ ಒಬ್ಬನೇ ಮಗ. ಆಸ್ಪತ್ರೆಯವರು ಕೇಳಿದರೆ ನಾನು ಅದನ್ನೇ ಹೇಳುತ್ತೇನೆ. ಉಸಿರು ಸಿಗದಿದ್ದಾಗ ಕೇಳಿ ನೋಡಿ ಎಂದನಂತಲ್ಲ. ಸಿಗದಿದ್ದಾಗ ಬೆರಳಲ್ಲಿ ಬರೆದು ತೋರಿಸುತ್ತೇನೆ.

‘ನೀನು ಹೋದರೆ ನಾನು ಯಾರ ಹತ್ತಿರ ಬೈಸಿಕೊಳ್ಳಲಿ’ ಎಂದು ಕೇಳಿದ್ದೀಯ. ಆ ಕಾಗದವನ್ನೂ ಮಡಚಿ ಮೊದಲಿನದರ ಜೊತೆ ಇಟ್ಟಿದ್ದೇನೆ.

ಅಕ್ಕ


ಮೇ 6

ಅಕ್ಕಾ,

ನೀನು ಈಗ ಮನೆಗೆ ಬಂದಿದ್ದೀಯ, ಎದ್ದು ಕೂರುತ್ತೀಯ, ನೀರಿನ ಲೋಟ ಅಳೆದು ಕೊಟ್ಟರು ಎಂದು ಭಾವನ ಜೊತೆ ಜಗಳ ಶುರು ಮಾಡಿದ್ದೀಯ ಎಂದು ಗೊತ್ತಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ನಿನ್ನ ಬಾಯಿಗೆ ನಳಿಗೆ ಹಾಕಿದ್ದರು. ನಿನಗೆ ನಾನು ಬಂದದ್ದು ನೆನಪಿದೆಯೋ ಇಲ್ಲವೋ.

ಭಾವ ಫೋನ್ ಮಾಡಿ ‘ಶ್ವಾಸಕೋಶಕ್ಕೆ ನೀರು ತುಂಬ್ಕೊಂಡಿದೆ, ಹೊರಟು ಬಾ’ ಎಂದಾಗ ನಾನು ಕ್ರೇನಿನ ಮೇಲಿದ್ದೆ. ಇಳಿದು ಮೊದಲು ಯಾರಿಗೆ ಫೋನ್ ಮಾಡಿದೆ ಗೊತ್ತೇ? ಆ ಇಸ್ತ್ರಿ ಅಂಗಿಯವನಿಗೆ. ‘ಈಗಲೇ ಆಗಬೇಕು’ ಎಂದೆ. ‘ನಾನು ಹೇಳಿದ್ದೆನಲ್ಲ ಸಾರ್’ ಎಂದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮೊಗಸಾಲೆಗೆ ಅವನೇ ಬಂದ, ಜೊತೆಗೊಬ್ಬನನ್ನು ಕರೆದುಕೊಂಡು. ಪರಿಚಯ ಮಾಡಿಸಿ, ಫೋನ್ ಬಂತೆಂದು ಆಚೆ ಹೋದ. ನಾವಿಬ್ಬರೇ ಬೆಂಚಿನ ಮೇಲೆ. ಅವನು ಮನೆಗೆ ಬಣ್ಣ ಹೊಡೆಯುವವನು. ನನ್ನ ಓರಗೆಯವನು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ಕಾಲಿನ ಹತ್ತಿರ ಒಂದು ಬಟ್ಟೆಯ ಚೀಲ. ನಾನು ಏನು ಮಾತಾಡಲಿ? ‘ತಿಂಡಿ ಆಯ್ತಾ?’ ಎಂದು ಕೇಳಿದೆ.

‘ಖಾಲಿ ಹೊಟ್ಟೇಲಿ ಬಾ ಅಂದಿದ್ರು ಸಾರ್, ರಕ್ತ ತೆಗೀಬೇಕಂತೆ.’ ಉಗುರಿನ ಬಣ್ಣ ಕೆರೆಯುತ್ತಾ, ‘ಹದಿನೈದು ದಿನಕ್ಕೆಲ್ಲ ಏಣಿ ಹತ್ತಬಹುದು ಅಂದ್ರು. ನಿಜಾನಾ?’

ನಾನು ದಿನಾ ಏಣಿ ಹತ್ತುವವನು. ಪಕ್ಕೆಗೆ ಕತ್ತರಿ ಹಾಕಿಸಿಕೊಂಡವನು ಹದಿನೈದು ದಿನಕ್ಕೆ ಏಣಿ ಹತ್ತುತ್ತಾನೆಯೇ?

ಆಮೇಲೆ ಅವನು ದನಿ ತಗ್ಗಿಸಿದ. ‘ಒಳಗೆ ಕೇಳ್ತಾರಂತೆ ಸಾರ್. ನಿಮ್ಮ ತಾಯೀನ ನಾನು ಏನಂತ ಕರೀತಿದ್ದೆ? ಚಿಕ್ಕಪ್ಪನ ಮಗ ಅಂದ್ರೆ, ದೊಡ್ಡಮ್ಮ ಅಂತ ಅಲ್ವಾ?’

‘ಹೌದು, ದೊಡ್ಡಮ್ಮ.’

‘ದೊಡ್ಡಮ್ಮ’ ಎಂದ. ಪಾಠ ಒಪ್ಪಿಸುವವನ ಹಾಗೆ ನೆಲ ನೋಡುತ್ತಾ ಮತ್ತೆ ಮತ್ತೆ ಹೇಳಿಕೊಂಡ. ‘ದೊಡ್ಡಮ್ಮ, ದೊಡ್ಡಮ್ಮ. ಹೋಗಿಬಿಟ್ರಲ್ವಾ ಅವ್ರು? ಏನಾಗಿತ್ತು? ಅದನ್ನೂ ಕೇಳಬಹುದು.’

ಅಕ್ಕಾ, ಅಮ್ಮನಿಗೆ ಏನಾಗಿತ್ತು ಎಂದು ಅವನಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಎದ್ದು ನಿಂತೆ. ‘ಮನೆಗೆ ಹೋಗಿ. ಇದು ಆಗಲ್ಲ,’ ಎಂದೆ.

ಅವನು ಕಣ್ಣೀರು ಹಾಕಿ ಕೈ ಮುಗಿಯುತ್ತಾನೆ ಎಂದುಕೊಂಡೆಯಾ? ಬೈದ. ‘ಕೆಲಸ ಬಿಟ್ಟು ಬಂದಿದ್ದೀನಿ. ನಿಮಗೆ ಇವತ್ತು ಒಳ್ಳೇತನ ಬಂತು, ನನಗೇನು ಬಂತು?’ ಎಂದು ಚೀಲ ಎತ್ತಿಕೊಂಡು ಹೋದ.

ದಲ್ಲಾಳಿ ವಾಪಸು ಬಂದು ಮೊದಲ ಸಲ ದನಿ ಏರಿಸಿದ. ‘ನಿಮ್ಮಕ್ಕ ಒಳಗೆ ಸಾಯ್ತಿದ್ದಾರೆ, ನೀವು ಇಲ್ಲಿ ಧರ್ಮರಾಯ ಆಗಿದ್ದೀರಾ?’ ಅವನ ಇಸ್ತ್ರಿ ಅಂಗಿಯ ಕಾಲರು ಹಿಡಿದೆ. ಸೆಕ್ಯೂರಿಟಿಯವನು ಬಂದು ಬಿಡಿಸಿದ.

ಈಗ ಹೆಸರು. ನಿನ್ನ ಏಪ್ರಿಲ್ ಕಾಗದದಲ್ಲೇ ಆ ಹೆಸರು ಓದಿದ್ದೆ. ಆದರೂ ಬಾಯಿ ಬಿಡಲಿಲ್ಲ. ಕೀಲಿ ಅವನಿಗೆ ಸಿಕ್ಕರೆ ಸಿಗಲಿ, ನನ್ನ ಅಕ್ಕ ಉಳಿದರೆ ಸಾಕು ಎಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದನ್ನು ಮುಚ್ಚಿಡುವುದಿಲ್ಲ.

ನಗುಮುಖ. ಅವನೇ.

ಅವನು ಬರೆದದ್ದೆಲ್ಲ ಈ ಕಾಗದದ ಜೊತೆ ಅಚ್ಚು ಹಾಕಿಸಿ ಇಟ್ಟಿದ್ದೇನೆ. ಇವತ್ತೇ ತುರ್ತು ಅಂಚೆಗೆ ಹಾಕುತ್ತೇನೆ. ಭಾವನಿಗೆ ಫೋನಿನಲ್ಲೂ ಹೇಳಿದ್ದೇನೆ, ಕೀಲಿ ಕೊಡಬೇಡಿ ಎಂದು ಟೈಲರಮ್ಮನಿಗೆ ತಿಳಿಸಲು. ದಾರಿ ಮುಚ್ಚಿತು. ಇನ್ನು ನಿನಗೆ ಆ ಸರದಿಯೊಂದೇ ಗತಿ. ಸಿಟ್ಟು ಇಳಿದಿಲ್ಲ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ.

ತಮ್ಮ


ಮೇ 29

ತಮ್ಮಾ,

ನೀನು ಬಂದದ್ದು ನೆನಪಿದೆ. ನನ್ನ ಕಾಲು ಒತ್ತುತ್ತಾ ಕೂತಿದ್ದೆ, ತಪ್ಪು ಜಾಗದಲ್ಲಿ ಒತ್ತುತ್ತಿದ್ದೆ. ಬಾಯಲ್ಲಿ ನಳಿಗೆ ಇದ್ದದ್ದರಿಂದ ಹೇಳಲಾಗಲಿಲ್ಲ.

ನಿನ್ನ ಭಾವ ಫೋನ್ ಮಾಡಿದಾಗ ಟೈಲರಮ್ಮ ಮಷೀನಿನಲ್ಲಿದ್ದರಂತೆ. ಕೀಲಿ ಕೊಡಲು ಇನ್ನು ಎರಡೇ ದಿನ ಬಾಕಿ ಇತ್ತು. ನೀನು ಕಳಿಸಿದ್ದನ್ನೆಲ್ಲ ಹಲ್ಲು ಡಾಕ್ಟರು, ಟೈಲರಮ್ಮ ಇಬ್ಬರೂ ಓದಿದರು. ನಾನು ಓದಲಿಲ್ಲ, ಪಕ್ಕಕ್ಕೆ ಸರಿದಿದ್ದೆ. ಇಬ್ಬರೂ ಸೇರಿ ಅವನನ್ನು ಹೊರಗೆ ಹಾಕಿದರು, ಕಾರಣ ಬರೆದರು. ಆಮೇಲೆ ಟೈಲರಮ್ಮ ನನಗೆ ಫೋನ್ ಮಾಡಿ ಅರ್ಧ ಗಂಟೆ ತಮ್ಮನ್ನೇ ಬೈದುಕೊಂಡರು. ‘ನೋಡಮ್ಮಾ, ಒಂದು ಕೈಯಲ್ಲಿ ನಾವು ನಾಲ್ಕು ಪದ ಬರೆಯೋಕೆ ಏದುಸಿರು ಬಿಡ್ತೀವಿ. ಇವನು ಮಷೀನಲ್ಲಿ ಕೂತು ಪುಟ ಪುಟ ಬರೀತಿದ್ದ. ಎರಡು ಕೈಲಿ ಬರೀತಿದ್ದಾನೆ, ಇವನ ಮೈಮೇಲೆ ಸೂಜಿನೇ ಇಲ್ಲ ಅಂತ ಒಬ್ಬರಿಗಾದ್ರೂ ಹೊಳೀತಾ? ಹೊಗಳ್ತಾ ಕೂತಿದ್ವಿ.’ ಅವನು ಯಾವತ್ತೂ ಮಷೀನಿಗೆ ಕೂತವನೇ ಅಲ್ಲ. ಲೋಕದಲ್ಲಿ ಬೇರೆ ಯಾರಿಗೆ ತಿಳಿಯದಿದ್ದರೂ ನಮಗೆ ತಿಳಿಯಬೇಕಿತ್ತು.

ಹಲ್ಲು ಡಾಕ್ಟರು ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ನಿನ್ನನ್ನು ಕರೆಯುತ್ತಾರೆ. ಹೋಗು. ನೀನು ಕೊಳ್ಳಲು ಹೊರಟಿದ್ದೆ ಎಂಬುದನ್ನೂ ಹೇಳು, ಅರ್ಧ ಹೇಳಿ ಬರಬೇಡ. ಏನಾಗುತ್ತದೋ ಆಗಲಿ. ನಿನ್ನ ಭಾವ ಜೊತೆಗೆ ಬರುತ್ತಾರೆ.

ಇದಾದ ವಾರಕ್ಕೆ ಅವನು ಬೇರೆ ಹೆಸರಿನಲ್ಲಿ ಒಳಗೆ ನುಗ್ಗಿ ಒಂದು ಪೋಸ್ಟ್ ಹಾಕಿದ. ‘ಕಾವಲಿನ ಬ್ರೇಕಕ್ಕನ ತಮ್ಮನೇ ಕಿಡ್ನಿ ಕೊಳ್ಳಲು ಮುಂಗಡ ಕೊಟ್ಟವನು. ಅವನು ಬೇಡಿದ ಸಂದೇಶಗಳು ಇಲ್ಲಿವೆ. ಇವರು ಬೇರೆಯವರಿಗೆ ಬುದ್ಧಿ ಹೇಳುತ್ತಾರೆ.’ ನೀನು ಅವನಿಗೆ ಬರೆದದ್ದೆಲ್ಲ ಅಂಟಿಸಿದ್ದ. ಹಲ್ಲು ಡಾಕ್ಟರ ಪಾಳಿ. ಅವರು ಆ ಹೆಸರನ್ನೂ ಹೊರಗೆ ಹಾಕಿ, ಪೋಸ್ಟ್ ಅಳಿಸಲು ಬೆರಳು ಇಟ್ಟಿದ್ದರು. ‘ನಿಮ್ಮ ಮನೆ ಮರ್ಯಾದೆ ಪ್ರಶ್ನೆ, ತೆಗೆದುಬಿಡ್ತೀನಿ’ ಎಂದು ನನಗೆ ತಿಳಿಸಿದರು.

ನಾನು ಬೇಡ ಎಂದೆ. ‘ಡಾಕ್ಟ್ರೇ, ನನ್ನ ತಮ್ಮನ ವಿಷಯ, ತೀರ್ಮಾನ ಮಾಡೋಳು ನಾನಲ್ಲ. ಆದರೆ ನಿಯಮ ಏನು ಹೇಳುತ್ತೆ ನೋಡಿ. ಸುಳ್ಳಾದರೆ ತೆಗೀರಿ, ವ್ಯಾಪಾರವಾದರೆ ತೆಗೀರಿ, ಬೈಗುಳವಾದರೆ ತೆಗೀರಿ. ಇದು ಯಾವುದು?’

ಅವರು ಬೆರಳು ಹಿಂದೆ ತೆಗೆದರು. ಆಮೇಲೆ, ‘ನಿಜ’ ಎಂದಷ್ಟೇ ಬರೆದರು.

ಪೋಸ್ಟ್ ಅಲ್ಲೇ ಇದೆ. ಯಾರು ಬೇಕಾದರೂ ಓದಬಹುದು. ಓದುತ್ತಿದ್ದಾರೆ. ಒಬ್ಬರು ನನಗೆ ನಾಚಿಕೆಯಾಗಬೇಕು ಎಂದು ಬರೆದರು. ಇನ್ನೊಬ್ಬಳು, ತನ್ನ ಗಂಡನಿಗಾಗಿ ತಾನೂ ಅದೇ ಮನುಷ್ಯನಿಗೆ ಮುಂಗಡ ಕೊಟ್ಟಿದ್ದೇನೆ, ಇಷ್ಟು ದಿನ ಹೇಳಲು ಹೆದರಿದ್ದೆ ಎಂದಳು. ಅವಳ ಹಿಂದೆ ಮತ್ತಿಬ್ಬರು. ನಮ್ಮ ಹೆಸರು ಕೆಡಿಸಲು ಅವನು ತೆರೆದ ಜಾಗದಲ್ಲೇ ಅವನ ವಿರುದ್ಧ ಸಾಕ್ಷಿ ಸೇರುತ್ತಿದೆ. ನಾನು ಹೆಸರು ಕೆಡುವುದಕ್ಕೆ ಹೆದರಿ ಅಳಿಸಲು ಬಿಟ್ಟಿದ್ದರೆ ಅವರೆಲ್ಲ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದರು.

ಬಣ್ಣದವನು ‘ನನಗೇನು ಬಂತು’ ಎಂದು ನಿನ್ನನ್ನು ಕೇಳಿದ್ದು ನನ್ನನ್ನೂ ಬಿಡುತ್ತಿಲ್ಲ. ಅದನ್ನೂ ಗುಂಪಿನಲ್ಲಿ ಬರೆದೆ. ಯಾರೂ ಜಾಣತನದ ಉತ್ತರ ಕೊಡಲಿಲ್ಲ, ಅದೇ ಪುಣ್ಯ.

ಆಸ್ಪತ್ರೆಯ ಡಾಕ್ಟರು ನನ್ನ ಹೃದಯ ಸ್ವಲ್ಪ ದಣಿದಿದೆ ಎಂದಿದ್ದಾರೆ. ಸರದಿ ಹತ್ತಿರ ಬಂದಿದೆಯೇ ಎಂದು ಕೇಳಿದರೆ ಬಂದಿದೆ ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಕರೆ ಬಂದರೆ ಮೇಜಿನ ಮೇಲೆ ಮಲಗುತ್ತೇನೆ, ಬರದಿದ್ದರೆ ಮಂಗಳವಾರ ಮಷೀನಿಗೆ ಹೋಗುತ್ತೇನೆ. ಯಾರ ಪಕ್ಕೆಯನ್ನೂ ಕದ್ದು ಬದುಕಿದೆ ಎಂದು ನನ್ನ ಮುಂದೆ ಯಾರೂ ಹೇಳುವ ಹಾಗಿಲ್ಲ. ಇದು ಜಂಬವಾದರೆ ಜಂಬವೇ ಆಗಲಿ.

ನಿನ್ನನ್ನು ಗುಂಪಿಗೆ ಮತ್ತೆ ಸೇರಿಸಿಲ್ಲ. ಹೆಸರು ಹೇಳಿದ್ದಕ್ಕೆ ಬಹುಮಾನ ಅಂತ ಏನೂ ಇಲ್ಲ. ಬೇಕಾದರೆ ಅರ್ಜಿ ಹಾಕು, ನಾನಿಲ್ಲದ ಪಾಳಿಯಲ್ಲಿ ಇಬ್ಬರು ನೋಡುತ್ತಾರೆ. ಒಪ್ಪಿದರೆ ಒಳಗೆ ಬಂದು ಆ ಪೋಸ್ಟಿನ ಕೆಳಗೆ ನೀನೇ ಬರೆ. ನನ್ನ ಮುಖ ನೋಡಿಕೊಂಡು ಬರೆಯಬೇಡ.

ಅಕ್ಕ


ಜೂನ್ 20

ಅಕ್ಕಾ,

ಪೊಲೀಸರ ಹತ್ತಿರ ಎರಡು ಸಲ ಹೋಗಿ ಬಂದೆ. ಎಲ್ಲ ಹೇಳಿದೆ. ನನ್ನ ಮೇಲೂ ಪ್ರಕರಣ ಆಗಬಹುದಂತೆ. ಆಗಲಿ. ಬಂದರಿನಲ್ಲಿ ಮೇಲಿನವರಿಗೂ ನಾನೇ ತಿಳಿಸಿದೆ, ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು.

ಅರ್ಜಿ ಹಾಕಿದೆ. ಹಲ್ಲು ಡಾಕ್ಟರು ಒಪ್ಪಿದರು. ಟೈಲರಮ್ಮ ಮೂರು ದಿನ ಕಾಯಿಸಿ, ‘ಸ್ವಂತ ಹೆಸರಲ್ಲಿ ಬರೋದಾದ್ರೆ ಬಾಪ್ಪಾ, ದಾರಿಹೋಕರಿಗೆ ಇಲ್ಲಿ ಏನು ಕೆಲಸ?’ ಎಂದರು. ಸ್ವಂತ ಹೆಸರಲ್ಲೇ ಬಂದೆ.

ಆ ಪೋಸ್ಟಿನ ಕೆಳಗೆ ಬರೆದೆ. ಹೌದು, ಅದು ನಾನೇ. ಇವನನ್ನು ಬೇಡಿಕೊಂಡದ್ದು ನಾನೇ. ಮೊಗಸಾಲೆಯ ಬೆಂಚಿನ ಮೇಲೆ ಒಬ್ಬ ಮನುಷ್ಯ ನನ್ನ ಅಮ್ಮನನ್ನು ದೊಡ್ಡಮ್ಮ ಎಂದು ಕರೆಯಲು ಕಲಿಯುತ್ತಿದ್ದ ಎಂದೂ ಬರೆದೆ. ಕೊನೆಗೆ ನಗುಮುಖನಿಗೆಂದೇ ಎರಡು ಸಾಲು ಸೇರಿಸಿದೆ, ಬಂದರಿನಲ್ಲಿ ಹಗ್ಗ ಕಿತ್ತುಹೋದಾಗ ನಾವು ಆಡುವ ಭಾಷೆಯಲ್ಲಿ.

ಸಂಜೆಗೆ ನೋಡಿದರೆ ಆ ಎರಡು ಸಾಲು ಇಲ್ಲ. ‘ಬೈಗುಳ. ಉಳಿದದ್ದು ಇರಲಿ. – ಟೈಲರಮ್ಮ.’ ಕೆಳಗೆ ಎರಡನೆಯವರ ಒಪ್ಪಿಗೆಯೂ ಇದೆ.

ನಾನು ಇದನ್ನು ಒಪ್ಪುವುದಿಲ್ಲ. ಆ ಎರಡು ಸಾಲಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಬಂದರಿನಲ್ಲಿ ಯಾರನ್ನು ಬೇಕಾದರೂ ಕೇಳು. ಮೇಲ್ಮನವಿ ಹಾಕಿದ್ದೇನೆ. ಅದನ್ನು ನೋಡುವವರು ಆ ಪಾಳಿಯಲ್ಲಿ ಇರದಿದ್ದ ಮೂವರಂತೆ, ನೀನು ಪಕ್ಕಕ್ಕೆ ಸರಿಯಬೇಕಂತೆ. ಸರಿ. ಅವರು ಇಲ್ಲ ಎಂದರೆ ಮತ್ತೆ ಹಾಕುತ್ತೇನೆ. ನಿಮ್ಮ ನಿಯಮದಲ್ಲಿ ಎಷ್ಟು ಸಲ ಹಾಕಬಹುದು ಎಂದು ಎಲ್ಲೂ ಬರೆದಿಲ್ಲ, ಓದಿ ನೋಡಿದ್ದೇನೆ.

ನನ್ನ ಮೊಂಡುತನ ನಿನಗೆ ಗೊತ್ತು. ಈ ವ್ಯಾಜ್ಯ ವರ್ಷಗಟ್ಟಲೆ ನಡೆಸುತ್ತೇನೆ. ಕೊನೆಯ ತೀರ್ಪು ಬರುವವರೆಗೆ ನೀನು ಎಲ್ಲಿಗೂ ಹೋಗುವ ಹಾಗಿಲ್ಲ.

ಒಳಗೆ ಬಂದ
ನಿನ್ನ ತಮ್ಮ